ಹದಿನಾಲ್ಕು ತಿಂಗಳು ನಿಂತ ವಿಮಾನ

ಕುವೈತಿನ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ವೆಲಿಟಾ ಹತ್ತೊಂಬತ್ತು ವರ್ಷಗಳಿಂದ ದಾಖಲೆ ನೋಡಿಕೊಳ್ಳುತ್ತಿದ್ದಳು. ವಿಮಾನದ ಮೈ ಮುಟ್ಟುವವರು ಮೆಕ್ಯಾನಿಕ್‌ಗಳು. ಅದರ ಜಾತಕ ಓದುವವಳು ಅವಳು. ಓದುವುದರಲ್ಲಿ ತಾನು ಸುಲಭಕ್ಕೆ ತಪ್ಪುವವಳಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವಾರ ಹ್ಯಾಂಗರಿಗೆ ಬಂದದ್ದು ಆರು ಸೀಟಿನ ಹಳೆಯ ವಿಮಾನ. ಆಫ್ರಿಕಾದ ಕಾಡುಮೇಡುಗಳ ಮಣ್ಣಿನ ರನ್‌ವೇಗಳಲ್ಲಿ ಇಳಿದು ಏರಿ, ಔಷಧ, ಅಂಚೆ ಹೊತ್ತು ದುಡಿದದ್ದು. ಮರುಭೂಮಿಯ ಸರ್ವೆಗೆ ಹೇಳಿ ಮಾಡಿಸಿದಂತಿತ್ತು. ಮಾರುವವನು ಕೊಟ್ಟ ಪತ್ರದಲ್ಲಿ ‘ಅಪಘಾತ: ಇಲ್ಲ’ ಎಂದಿತ್ತು. ಗುರುವಾರ ಖರೀದಿಗೆ ಸಹಿ; ಅದಕ್ಕೆ ಮೊದಲು ಕಡತಕ್ಕೆ ವೆಲಿಟಾಳ ಸಹಿ ಬೀಳಬೇಕು.

“ಎಲ್ಲ ಸರಿ ಉಂಟಲ್ಲ? ಯಲ್ಲಾ, ಬೇಗ ಮುಗಿಸುವ,” ಎಂದರು ಮ್ಯಾನೇಜರ್ ಮುಸ್ತಫಾ. ಉಪ್ಪಿನಂಗಡಿಯವರು; ಅವಸರ ಅವರ ಹುಟ್ಟುಗುಣ.

“ಸರಿ ಇಲ್ಲ ಮುಸ್ತಫಾ ಭಾಯಿ. ಕೀನ್ಯಾದ ನೋಂದಣಿ ರದ್ದಾದ ಮೇಲೆ ಹದಿನಾಲ್ಕು ತಿಂಗಳು ಇದು ಯಾವ ದೇಶದ ಪಟ್ಟಿಯಲ್ಲೂ ಇಲ್ಲ.”

“ಗಿರಾಕಿ ಸಿಗದೆ ನಿಂತಿರ್ಬಹುದು.”

“ನಿಂತದ್ದು ಹೌದು. ಹಾರಿದ ಗಂಟೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಆದ್ರೆ ಪ್ರೊಪೆಲ್ಲರಿನ ನಂಬರ್ ಬೇರೆ ಉಂಟು. ಬದಲಾಯಿಸಿದ್ದು ಲಾಗ್‌ಬುಕ್‌ನಲ್ಲಿ ಎಲ್ಲೂ ಬರೆದಿಲ್ಲ. ನಿಂತ ವಿಮಾನಕ್ಕೆ ಬೇರೆ ಪ್ರೊಪೆಲ್ಲರ್ ಎಂತಕ್ಕೆ?”

ಮುಸ್ತಫಾ ಹಣೆ ಉಜ್ಜಿಕೊಂಡರು. “ಮಾಲಕರಿಗೆ ನಾನೆಂತ ಹೇಳುದು ಈಗ?”

“ವೆಲಿಟಾ ಸಹಿ ಹಾಕ್ಲಿಲ್ಲ ಅಂತ ಹೇಳಿ.”

ಕೀನ್ಯಾದಲ್ಲಿ ಆ ವಿಮಾನದ ದುರಸ್ತಿ ನೋಡಿಕೊಳ್ಳುತ್ತಿದ್ದವರಿಗೆ ಅವಳು ನೇರವಾಗಿ ಪತ್ರ ಬರೆದಳು. ಮೂರನೆಯ ದಿನ ಉತ್ತರದ ಜೊತೆ ಹಳೆಯದೊಂದು ವರದಿ ಬಂತು. ಮಳೆಗೆ ನೆನೆದ ನೆಲದಲ್ಲಿ ಇಳಿಯುವಾಗ ಮುಂದಿನ ಚಕ್ರ ಹೂತು, ವಿಮಾನ ಮುಗ್ಗರಿಸಿ ಮೂಗು ಕುಕ್ಕಿತ್ತು. ತಿರುಗುತ್ತಿದ್ದ ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗಿತ್ತು. ಪೈಲಟ್‌ನ ಭುಜದ ಮೂಳೆ ಮುರಿದಿತ್ತು.

ಮೆಕ್ಯಾನಿಕ್ ಮೋನಪ್ಪ ಕೂಡಲೇ ಇಂಜಿನ್ನಿನ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದ. ಹೊಸ ಬಣ್ಣದಡಿಯಲ್ಲಿ, ಇಂಜಿನ್ನಿನ ಹಿಂದಿನ ಲೋಹದ ಗೋಡೆ ಸುಕ್ಕುಗಟ್ಟಿತ್ತು.

“ವೆಲಿಟಕ್ಕ, ನಿಮಗೆ ಕೂತಲ್ಲೇ ಕಂಡದ್ದು ನನಗೆ ಬಿಚ್ಚಿದ ಮೇಲೆ ಕಂಡಿತು ನೋಡಿ!”

ಮಾರುವವನು ಫೋನಿನಲ್ಲಿ ಅದೇನೂ ದೊಡ್ಡದಲ್ಲ, ಖಲಾಸ್, ಮುಗಿದ ಕತೆ ಎಂದ. ಮುಸ್ತಫಾ ಕೆಂಡವಾದರು. “ಸಣ್ಣದಾದ್ರೆ ಬರೀಲಿಕ್ಕೆ ಎಂತ ಕಷ್ಟ? ಇಂಜಿನ್ ಪೂರ್ತಿ ಬಿಚ್ಚಿ ನೋಡ್ಬೇಕು, ಗೋಡೆ ಹೊಸದಾಗ್ಬೇಕು. ಇಲ್ಲದಿದ್ರೆ ತಕೊಂಡು ಹೋಗಿ!”

ಎರಡು ವಾರ ಜಗ್ಗಾಡಿ ಅವನು ಒಪ್ಪಿದ. ಕೆಲಸ ಮುಗಿಯಲು ಮೂರು ತಿಂಗಳು ಹಿಡಿಯಿತು. ಹೊಸ ಕಡತದಲ್ಲಿ ವೆಲಿಟಾ ಅಪಘಾತದ ದಿನಾಂಕ, ಜಾಗ, ಬದಲಾಯಿಸಿದ ಭಾಗಗಳನ್ನೆಲ್ಲ ಬಿಡದೆ ದಾಖಲಿಸಿದಳು. ತಪಾಸಣೆಗಳೆಲ್ಲ ಮುಗಿದು ಬಾಲದ ಮೇಲೆ ಕುವೈತಿನ ನೋಂದಣಿ ಅಕ್ಷರಗಳು ಬಂದವು.

ಮೊದಲ ಸರ್ವೆಯ ಬೆಳಿಗ್ಗೆ ಒಂದು ಸೀಟು ಖಾಲಿ ಇತ್ತು. ಇಷ್ಟು ವರ್ಷ ಕಾಗದದಲ್ಲೇ ವಿಮಾನ ಕಂಡವಳು ಕಂಪನಿಯ ಒಂದರಲ್ಲೂ ಕೂತವಳಲ್ಲ.

“ಬರ್ತೀರಾ? ಹೆದರಿಕೆ ಇಲ್ವಲ್ಲ?” ಎಂದರು ಮುಸ್ತಫಾ.

“ಇದು ಎಲ್ಲೆಲ್ಲಿ ಬಿದ್ದದ್ದು, ಎದ್ದದ್ದು ನನಗೆ ಗೊತ್ತುಂಟು. ಮತ್ತೆಂತ ಹೆದರಿಕೆ?”

ವೆಲಿಟಾ ಬೆಲ್ಟ್ ಬಿಗಿದುಕೊಂಡಳು. ವಿಮಾನ ನೆಲ ಬಿಟ್ಟಿತು. ಅಬು ಹಲೀಫಾದ ಕಟ್ಟಡಗಳ ಆಚೆ ಸಮುದ್ರ ಕಂಡಾಗ, ತನ್ನ ಮನೆ ಯಾವುದೆಂದು ಹುಡುಕಲು ಅವಳು ಕಿಟಕಿಗೆ ಹಣೆಯೊತ್ತಿ ಬಗ್ಗಿದಳು.