ಬೆಳಕು ನೋಡುವ ಜಾಗ

ಮೂವತ್ತು ವರ್ಷ ಕಂಡವರ ಮದುವೆಗಳ ಫೋಟೋ ತೆಗೆದು ನಮ್ಮನೆಯವರ ಎಡಭುಜ ಒಂದು ಬೆರಳಷ್ಟು ಇಳಿದಿದೆ. ಎಲ್ಲ ಆ ಕ್ಯಾಮೆರಾ ಚೀಲದ ಕೃಪೆ. ಏಳು ಕಿಲೋ ಭಾರದ ಅದನ್ನು ಬಿಟ್ಟು ಹೊರಡಿ ಎಂದರೆ ಜಪ್ಪಯ್ಯ ಅಂದರೂ ಕೇಳುವವರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಹಿಂದೊಮ್ಮೆ ಸಮುದ್ರ ನೋಡಲು ಹೋದಾಗಲೂ ಅದು ಜೊತೆಗೆ ಬಂದಿತ್ತು. ಅವರು ಚೀಲ ಹೊತ್ತರು, ನಾನು ಸ್ಟ್ಯಾಂಡ್ ಹೊತ್ತೆ. ಮನೆಗೆ ಬಂದು ನೋಡಿದರೆ ಇನ್ನೂರು ಫೋಟೋಗಳಲ್ಲಿ ಅಲೆಗಳಿದ್ದವು, ದೋಣಿಗಳಿದ್ದವು, ನಾನಿರಲಿಲ್ಲ. ಅದಕ್ಕೇ ಈ ಸಲ ಬೆಟ್ಟಕ್ಕೆ ಹೋಗುವ ಮಾತು ಬಂದಾಗ ಖಡಾಖಂಡಿತವಾಗಿ ಹೇಳಿದೆ: ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ತಂದರೆ ಸರಿ, ಇಲ್ಲವಾದರೆ ಒಬ್ಬರೇ ಹೋಗಿ ಬನ್ನಿ. ನನಗೆ ಹೆಂಡತಿಯಾಗಿ ಹೋಗಬೇಕಿತ್ತು, ಸಹಾಯಕಿಯಾಗಿ ಅಲ್ಲ.

ಒಪ್ಪಿದರು. ಕ್ಯಾಮೆರಾ ಅಂಗಡಿಗೆ ಹೊರಟಾಗ ಅವರು ನನ್ನ ಅಡುಗೆಮನೆಯ ಪುಟ್ಟ ತೂಕದ ಯಂತ್ರವನ್ನೂ ಎತ್ತಿಕೊಂಡು ಬಂದರು. ಒಂದೊಂದು ಕ್ಯಾಮೆರಾವನ್ನೂ ಅದರ ಮೇಲಿಟ್ಟು ನೋಡಿದರು. ಒಂದಕ್ಕೆ ಜೂಮ್ ಜಾಸ್ತಿ, ಆದರೆ ಮಬ್ಬಿನಲ್ಲಿ ಚಿತ್ರ ಕಾಳುಕಾಳಾಗುತ್ತದಂತೆ. ಇನ್ನೊಂದಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲವಂತೆ. ಮೂರನೆಯದು ಹಗುರ, ಬ್ಯಾಟರಿ ಮಾತ್ರ ಮಧ್ಯಾಹ್ನಕ್ಕೇ ಕೈಕೊಡುತ್ತದಂತೆ. ನನ್ನನ್ನು ಮದುವೆಯಾಗುವಾಗಲೂ ಇವರು ಇಷ್ಟು ಅಳೆದು ಸುರಿದು ನೋಡಿರಲಿಲ್ಲ.

ನಾಲ್ಕನೆಯದು ಮುನ್ನೂರು ಗ್ರಾಂ ತೂಗಿತು. ಅದನ್ನು ಹಿಡಿದುಕೊಂಡು, ಸ್ವಲ್ಪ ಅಲ್ಲಿ ನಿಲ್ಲು ಎಂದು ಕಿಟಕಿಯ ಕಡೆ ತೋರಿಸಿದರು. ಹೋಗಿ ನಿಂತೆ. ಮದುವೆಗಳಲ್ಲಿ ನನ್ನ ಕೆಲಸವೇ ಅದು. ವಧು ಬರುವ ಮುಂಚೆ ಅವಳ ಜಾಗದಲ್ಲಿ ನಾನು ನಿಲ್ಲಬೇಕು, ಅವರು ಒಂದು ಫೋಟೋ ತೆಗೆದು ಬೆಳಕು ನೋಡಿಕೊಳ್ಳಬೇಕು, ಕ್ಲಿಕ್ ಎಂದ ಕೂಡಲೇ ನಾನು ಸರಿದು ಅವಳಿಗೆ ಜಾಗ ಬಿಡಬೇಕು. ಆ ಫೋಟೋಗಳು ಯಾವ ಆಲ್ಬಮ್ಮಿಗೂ ಸೇರುವುದಿಲ್ಲ. ಅಂದೇ ಸಂಜೆ ಅಳಿಸಿಹಾಕುತ್ತಾರೆ.

ಕ್ಲಿಕ್ ಎಂದಿತು. ನಾನು ಪಕ್ಕಕ್ಕೆ ಸರಿದೆ.

"ಯಾಕೆ ಸರಿದೆ?" ಎಂದರು.

"ಬೆಳಕು ನೋಡಿ ಆಯ್ತಲ್ಲ ನಿಮ್ಗೆ."

ಚುಚ್ಚಬೇಕೆಂದು ಹೇಳಿದ್ದಲ್ಲ, ಅಭ್ಯಾಸಬಲ. ಅವರು ಮಾತ್ರ ಕ್ಯಾಮೆರಾ ಕೆಳಗಿಳಿಸಿ, ನಾನು ಬಿಟ್ಟುಬಂದ ಜಾಗವನ್ನೇ ನೋಡುತ್ತ ನಿಂತರು. ಪರೀಕ್ಷೆಗೆಂದು ತೆಗೆದ ಫೋಟೋ ಅಳಿಸಲು ಅಂಗಡಿಯವರು ಕೈ ಚಾಚಿದಾಗ ಬೇಡವೆಂದರು. ಬ್ಯಾಟರಿಯ ವಿಷಯವನ್ನೂ ಕೇಳದೆ, ಇದನ್ನೇ ಕೊಡಿ, ಫೋಟೋ ಇರುವ ಒಳಗಿನ ಕಾರ್ಡೂ ನನಗೇ ಇರಲಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೋಗಿ ಅಲ್ಲೇ ನಿಂತ್ಕೋ. ಇವತ್ತು ಆ ಜಾಗಕ್ಕೆ ಬೇರೆ ಯಾರೂ ಬರಲ್ಲ."

ಕೈ ಎಲ್ಲಿಡಬೇಕು, ಹೇಗಿಡಬೇಕು ಎಂದು ಲೆಕ್ಕವಿಲ್ಲದಷ್ಟು ವಧುಗಳಿಗೆ ಹೇಳಿಕೊಟ್ಟವಳು ನಾನು. ಕಿಟಕಿಯ ಪಕ್ಕ ಮತ್ತೆ ನಿಂತಾಗ ನನ್ನ ಕೈಗಳನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.