ಒಂದಡಿಗೊಂದು ಗಿಡ

ಸಿದ್ಧಕಟ್ಟೆಯ ಡೊಂಬಯ್ಯನವರು ಭತ್ತ ಕೊಯ್ದ ಗದ್ದೆಯಲ್ಲಿ ಟೊಮೆಟೊ ಹಾಕಲು ನಿಶ್ಚಯಿಸಿದಾಗ, ಅದರ ಆರೈಕೆ ಸೊಸೆ ವಿಸ್ಮಿತಾಳ ಪಾಲಿಗೆ ಬಂತು. ಬೆಳೆ ಮುಗಿದ ಕೂಡಲೇ ಬರುತ್ತೇನೆಂದು ಹೇಳಿ ಅವಳು ಮೂಡುಬಿದಿರೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿದಳು.

ಸಸಿ ನೆಡುವ ದಿನ, ಬೆಳ್ತಂಗಡಿಯ ತವರಿನಲ್ಲಿ ಮಾಡುತ್ತಿದ್ದಂತೆ ಎರಡಡಿಗೊಂದು ಗುಂಡಿ ತೋಡತೊಡಗಿದಳು. ಮಾವ ತಡೆದರು.

"ಇಷ್ಟು ಜಾಗ ಖಾಲಿ ಬಿಡುವುದು ಯಾಕೆ? ಒಂದಡಿಗೊಂದು ಇಡು."

"ಗಾಳಿ ಆಡುವುದಿಲ್ಲ ಮಾವ. ರೋಗ ಬರ್ತದೆ."

"ಬಂದರೆ ನೋಡುವ."

ನೋಡಬೇಕಾದವಳು ಅವಳೇ ಆದಳು. ಗಿಡಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡವು. ಸಾಲುಗಳ ನಡುವೆ ಕಾಲಿಡಲು ಜಾಗವಿಲ್ಲ. ಬಿಸಿಲು ಒಳಗೆ ಇಳಿಯದೆ ಮಂಜಿನ ಹನಿ ಮಧ್ಯಾಹ್ನವಾದರೂ ಆರುತ್ತಿರಲಿಲ್ಲ. ಅಡಿಯ ಎಲೆಗಳಲ್ಲಿ ಕಪ್ಪು ಚುಕ್ಕೆ ಎದ್ದಿತು. ದಿನವೂ ಕುಕ್ಕರಗಾಲಿನಲ್ಲಿ ನುಸುಳಿ, ರೋಗದ ಎಲೆ ಕಿತ್ತು, ಪಕ್ಕದ ಚಿಗುರು ಚಿವುಟಿ, ದಂಟನ್ನು ಕೋಲಿಗೆ ಕಟ್ಟುತ್ತಿದ್ದಳು. ಕೊನೆಯ ಸಾಲು ಮುಗಿಸುವಷ್ಟರಲ್ಲಿ ಮೊದಲ ಸಾಲಿನಲ್ಲಿ ಮತ್ತೆ ಚುಕ್ಕೆ.

ಒಮ್ಮೆ, ಹಾಳಾಗಿಯೇ ಹೋಗಲಿ, ಆಗಲಾದರೂ ಇವರಿಗೆ ತಿಳಿಯುತ್ತದೆ ಎಂದು ಗದ್ದೆಗೆ ಇಳಿಯದೆ ಕೂತಳು. ಆದರೆ ಎಲೆ ಸುಟ್ಟಂತಾದದ್ದು ಅಂಗಳದಿಂದಲೇ ಕಂಡಾಗ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮತ್ತೆ ಒಳಗೆ ಹೊಕ್ಕಳು.

ಬೆಳೆ ಬಂತು. ಹಣ್ಣು ಸಣ್ಣವು, ಆದರೆ ಕ್ರೇಟುಗಳು ತುಂಬಿದವು. ಬಂಟ್ವಾಳದ ಪೇಟೆಯಿಂದ ಮರಳಿದ ಮಾವನ ಮುಖದಲ್ಲಿ ಗೆಲುವಿತ್ತು.

"ನೋಡಿದಿಯಾ? ಹತ್ತಿರ ಇಟ್ಟರೂ ಏನೂ ಆಗ್ಲಿಲ್ಲ. ಬರುವ ವರ್ಷ ಕೆಳಗಿನ ಗದ್ದೆಗೂ ಹಾಕುವ."

"ನಾನು ದಿನಾ ಎಲೆ ಕಿತ್ತದ್ದಕ್ಕೆ ಉಳಿದದ್ದು ಮಾವ."

"ಅದನ್ನೇ ನಾನೂ ಹೇಳುವುದು. ನಿನ್ನ ಕೈಗುಣ ಉಂಟಲ್ಲ!"

ಅವಳು ಗಂಡ ಜಯಪ್ರಕಾಶನತ್ತ ತಿರುಗಿದಳು. "ನಾನು ಅಂಗಡಿಗೆ ಹೋಗ್ಬೇಕು. ನೀವಾದರೂ ಹೇಳಿ."

"ನೀನಿಲ್ಲದಿದ್ರೆ ಇದನ್ನು ಯಾರು ನೋಡ್ತಾರೆ ಮಾರಾಯ್ತಿ?" ಅವನು ಮೆಚ್ಚುಗೆಯಿಂದಲೇ ಹೇಳಿದ. ತಾನು ಕೆಲಸ ಕೆಡಿಸಿದ್ದರೆ ಬೈಗುಳ ತಿಂದು ಅಂಗಡಿಗೆ ಹೊರಡಬಹುದಿತ್ತು ಎಂದು ಅವಳಿಗೆ ಅನಿಸಿತು.

ಅವಳು ಬಾರದ್ದು ಕಂಡು ಅಂಗಡಿಯವರು ಬೇರೆ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡರು.

ಮರುವರ್ಷ ಕೆಳಗಿನ ಗದ್ದೆಯಲ್ಲಿ ಮಾವ ಹಗ್ಗ ಹಿಡಿದು ಸಾಲು ಗುರುತಿಸುತ್ತಿದ್ದರು. ಈ ಸಲ ಅವಳು ಎರಡಡಿಯ ಮಾತೆತ್ತಲಿಲ್ಲ.

"ಮಾವ, ಸಾಲಿನ ನಡುವೆ ನನಗೆ ಕೂರುವಷ್ಟು ಜಾಗ ಬಿಡಿ. ಬೆನ್ನು ನೋಯ್ತದೆ."

"ಆಯ್ತು, ಕೂರುವಷ್ಟು ಬಿಡುವ," ಎಂದು ಡೊಂಬಯ್ಯನವರು ಹಗ್ಗವನ್ನು ಒಂದು ಗೇಣು ಆಚೆ ಸರಿಸಿದರು.