ನೀಲಾ ಬಚ್ಚಿಟ್ಟ ಡಬ್ಬಿ

ಬಾಣದ ಗುರುತು ಮತ್ತೆ ಕಾಲುವೆಯ ಕಡೆಗೇ ತಿರುಗಿತು. ಒಂದು ಗಳಿಗೆ ಮೊದಲು ಅದು ಪಾಪ್ಲರ್ ಮರಗಳ ತೋಪನ್ನು ತೋರಿಸಿತ್ತು, ಅದಕ್ಕೂ ಮೊದಲು ಸೈಕಲ್ ದಾರಿಯನ್ನು. ರವಿಕಿರಣ ಅಂಗೈಯಗಲದ ಆ ಜಿಪಿಎಸ್ ಯಂತ್ರವನ್ನು ಜಾಡಿಸಿ ನೋಡಿದ. ಜಾಡಿಸಿದರೆ ಸರಿಹೋಗಲು ಅದೇನು ಗದಗದ ಮನೆಯ ಹಳೇ ರೇಡಿಯೊವೇ?

"ನೀರಾಗ ಐತೇನು ಪಪ್ಪಾ?" ದೀಕ್ಷಾ ಕೇಳಿದಳು.

"ಇಲ್ಲ ಪುಟ್ಟಾ, ಇದು ಸುಳ್ಳು ಹೇಳಾಕತ್ತೈತಿ. ತಡಿ, ಸರಿ ಮಾಡ್ತೀನಿ."

ಸರಿ ಮಾಡುತ್ತೇನೆ ಎಂಬ ಮಾತು ಅವನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಡಚ್ಚರ ನಾಡಿನ ನ್ಯೂವೆಗೈನ್ ಊರಿನ ಕಂಪನಿಯೊಂದರಲ್ಲಿ ಅವನ ಉದ್ಯೋಗವೇ ಅದು: ಯಾರದಾದರೂ ಸಾಫ್ಟ್‌ವೇರ್ ಮುನಿಸಿಕೊಂಡರೆ ಅದನ್ನು ರಮಿಸಿ ಹಳಿಗೆ ತರುವುದು. ಕೊರೋನಾ ಬಂದ ಮೇಲೆ ಆ ಆಫೀಸು ಆಲ್ಮೆರೆಯ ಅವನ ಮನೆಯ ಮಹಡಿಗೇ ಬಂದು ಕೂತಿತ್ತು.

ಯಂತ್ರ ಮಾತ್ರ ಅವನದಲ್ಲ, ಹೆಂಡತಿ ನೀಲಾಂಬಿಕಾಳದು. ಮೊದಲ ಲಾಕ್‌ಡೌನ್‌ನಲ್ಲಿ ಶಾಲೆ, ಈಜುಕೊಳ ಎಲ್ಲ ಮುಚ್ಚಿದಾಗ ಮಗಳನ್ನು ಮನೆಯಿಂದ ಹೊರಗೆಳೆಯಲು ಅವಳು ಹುಡುಕಿಕೊಂಡ ಆಟ ಜಿಯೊಕ್ಯಾಶಿಂಗ್. ಯಾರೋ ಕಾಡಿನಲ್ಲೋ ಸೇತುವೆಯ ಕೆಳಗೋ ಡಬ್ಬಿಯೊಂದನ್ನು ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಯಂತ್ರ ಹಿಡಿದು ಹುಡುಕಿಕೊಂಡು ಹೋಗಬೇಕು. "ಎಮ್ಮೆಸ್ಸಿ ಓದಿ ಕಸದಾಗ ಡಬ್ಬಿ ಹುಡುಕೂದು ಚಲೋ ಆತು ಬಿಡು" ಎಂದು ಅವನು ನಗೆಯಾಡಿದ್ದ. ತಾಯಿ ಮಗಳು ಪ್ರತಿ ಭಾನುವಾರ ಸೈಕಲ್ ಏರಿ ಹೊರಡುವಾಗ "ಮುಂದಿನ ವಾರ ನಾನೂ ಬರ್ತೀನಿ" ಅನ್ನುತ್ತಿದ್ದ. ಆ ಮುಂದಿನ ವಾರ ಬರಲೇ ಇಲ್ಲ.

ಈ ವರ್ಷದ ಏಪ್ರಿಲ್‌ನಲ್ಲಿ ಗದಗದಿಂದ ಫೋನ್ ಬಂತು. ನೀಲಾಳ ತಾಯಿ ಬಸಲಿಂಗವ್ವನಿಗೆ ಕೊರೋನಾ, ಹತ್ತಿರ ಸುಳಿಯುವವರಿಲ್ಲ. ನೀಲಾ ಹೊರಟು ನಿಂತಳು. ವಿಮಾನ ಹತ್ತುವ ಮುನ್ನಾದಿನ ಒಬ್ಬಳೇ ಸೈಕಲ್ ತೆಗೆದುಕೊಂಡು ಹೋಗಿ, ಬೂಟಿಗೆಲ್ಲ ಕೆಸರು ಮೆತ್ತಿಸಿಕೊಂಡು ಬಂದಳು. "ನಿನ್ನ ಬರ್ಥ್‌ಡೇ ಗಿಫ್ಟ್ ತೋಪಿನಾಗ ಬಚ್ಚಿಟ್ಟು ಬಂದೀನಿ. ನಾ ಬಂದ ಮ್ಯಾಲ ಕೂಡೇ ಹುಡುಕೂಣು" ಎಂದು ಮಗಳ ಗಲ್ಲ ಹಿಂಡಿದಳು. ಮಗಳಿಗೆಂದೇ ಇಟ್ಟದ್ದಾದ್ದರಿಂದ ಜಾಲತಾಣದಲ್ಲಿ ಹಾಕಿರಲಿಲ್ಲ. ಜಾಗದ ಗುರುತು ಈ ಯಂತ್ರದೊಳಗೆ ಮಾತ್ರ ಇತ್ತು.

ಬಸಲಿಂಗವ್ವ ಉಳಿದಳು, ನೀಲಾ ಉಳಿಯಲಿಲ್ಲ. ಅಷ್ಟರಲ್ಲಿ ವಿಮಾನಗಳೂ ನಿಂತಿದ್ದವು. ಹೆಂಡತಿಯನ್ನು ಮಣ್ಣು ಮಾಡಿದ್ದನ್ನು ರವಿಕಿರಣ ಫೋನಿನ ಪರದೆಯಲ್ಲಿ ನೋಡಿದ. ಅಲ್ಲಿ ಫೋನ್ ಹಿಡಿದವರ ಕೈ ನಡುಗುತ್ತಿತ್ತೋ, ನೆಟ್‌ವರ್ಕ್ ನಡುಗುತ್ತಿತ್ತೋ, ಅವಳ ಮುಖ ಒಮ್ಮೆಯೂ ನೆಟ್ಟಗೆ ಕಾಣಲಿಲ್ಲ. ಮೇ ತಿಂಗಳಲ್ಲಿ ದೀಕ್ಷಾಳ ಹುಟ್ಟುಹಬ್ಬ ಬಂದು ಹೋಯಿತು. ಡಬ್ಬಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಈಗ ಅಕ್ಟೋಬರ್ ರಜೆಯಲ್ಲಿ, ಇವತ್ತು ಬೆಳಿಗ್ಗೆ, ಅವಳೇ ಯಂತ್ರವನ್ನು ಡ್ರಾಯರಿನಿಂದ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟು, "ಮಮ್ಮಿದು ಹುಡುಕೂಣು" ಅಂದಿದ್ದಳು.

ರವಿಕಿರಣ ಮೊದಲು ಬ್ಯಾಟರಿ ಬದಲಿಸಿದ. ಆಮೇಲೆ ಫೋನು, ಬೀಗದ ಕೈಗಳನ್ನೆಲ್ಲ ಜೇಬಿನಿಂದ ತೆಗೆದು ದೂರದ ಬೆಂಚಿನ ಮೇಲಿಟ್ಟ. ಲೋಹ ಹತ್ತಿರವಿದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆಂದು ಎಲ್ಲೋ ಓದಿದ ನೆನಪು. ದಿಕ್ಸೂಚಿಯನ್ನು ಹೊಂದಿಸಲು ಪರದೆಯ ಚಿತ್ರ ತೋರಿಸಿದಂತೆ ಯಂತ್ರ ಮುಂದೆ ಚಾಚಿ ನಿಂತಲ್ಲೇ ಗಿರಗಿರ ತಿರುಗಿದ. ನಾಯಿ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬಳು ಅವನ ಅವತಾರ ಕಂಡು, ಸರಕಾರ ಹೇಳಿದ್ದ ಒಂದೂವರೆ ಮೀಟರಿಗಿಂತ ಎಷ್ಟೋ ದೂರ ಸರಿದು ಹೋದಳು. ದೀಕ್ಷಾ ಕಿಸಕ್ಕೆಂದು ನಕ್ಕಳು. ಮಗಳು ನಕ್ಕದ್ದನ್ನು ಕೇಳಿ ಎಷ್ಟು ದಿನವಾಗಿತ್ತೋ! ಇವತ್ತು ಏನಾದರೂ ಮಾಡಿ ಇದನ್ನು ಸರಿಪಡಿಸಿ ಅವಳ ಕೈಗೆ ಕೊಡಲೇಬೇಕು ಅನ್ನಿಸಿತು.

ಆದರೂ ಬಾಣ ಕುಡುಕನ ಹಾಗೆ ಓಲಾಡುತ್ತಲೇ ಇತ್ತು.

"ಪಪ್ಪಾ, ಮಮ್ಮಿ ಇದಕ್ಕ ಏನ್ ಮಾಡತಿದ್ಲಂದ್ರ..."

"ತಡಿ ಪುಟ್ಟಾ, ಒಂದೇ ನಿಮಿಷ."

ಯಂತ್ರದ ಮೆನು ಪೂರಾ ಡಚ್‌ನಲ್ಲಿತ್ತು. ಭಾಷೆಯ ಪರೀಕ್ಷೆಗೆ ಓದುತ್ತಿದ್ದ ನೀಲಾ ಮನೆಯ ಎಲ್ಲ ಯಂತ್ರಗಳನ್ನೂ ಡಚ್‌ಗೆ ತಿರುಗಿಸಿದ್ದಳು. ಏಳು ವರ್ಷವಾದರೂ ರವಿಕಿರಣನ ಡಚ್ ಮಾತ್ರ ಅಂಗಡಿಯ 'ಧನ್ಯವಾದ', 'ಚೀಲ ಬೇಡ'ಗಳನ್ನು ದಾಟಿರಲಿಲ್ಲ. ಮೆನುವಿನ ತಳದಲ್ಲಿ ಅವನಿಗೆ ಪರಿಚಯದ ಪದವೊಂದು ಸಿಕ್ಕಿತು: ರೀಸೆಟ್. ಒತ್ತಿದ. ಉದ್ದನೆಯ ಸಾಲೊಂದು ಮೂಡಿ, ಕೆಳಗೆ 'ಯಾ', 'ನೇ' ಎಂದು ಎರಡು ಗುಂಡಿಗಳು ಬಂದವು. ಹೌದು, ಇಲ್ಲ, ಅಷ್ಟು ಅವನಿಗೂ ಗೊತ್ತು. ಆ ಉದ್ದನೆಯ ಸಾಲು ಏನೆಂದು ಪಕ್ಕದಲ್ಲೇ ನಿಂತಿದ್ದ, ಡಚ್ ಶಾಲೆಯಲ್ಲಿ ಓದುವ ಮಗಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಆಫೀಸಿನ ಯಂತ್ರಗಳಿಗೆ ದಿನಾ ಒತ್ತುವ ಹಾಗೆ 'ಯಾ' ಒತ್ತಿದ.

ಯಂತ್ರ ಆರಿ ಹೊತ್ತಿಕೊಂಡಿತು. ಅವನು ಅದನ್ನು ಬಯಲಿನ ಬೆಂಚಿನ ಮೇಲಿಟ್ಟ. ಪರದೆಯಲ್ಲಿ ಉಪಗ್ರಹಗಳ ಗೆರೆಗಳು ಒಂದೊಂದೇ ಮೇಲೆದ್ದವು. ಸ್ವಲ್ಪ ಹೊತ್ತಿಗೆ ಬಾಣ ಉತ್ತರಕ್ಕೆ ತಿರುಗಿ ಕದಲದೆ ನಿಂತಿತು. ಜಾಗದ ಲೆಕ್ಕದಲ್ಲಿ ತಪ್ಪಿದರೂ ಮೂರು ಮೀಟರಿನೊಳಗೇ ಎಂದು ಯಂತ್ರ ತೋರಿಸಿತು.

"ನೋಡು! ಹೇಳಿದ್ದಿಲ್ಲ ನಾ?" ಎನ್ನುತ್ತ ಅದನ್ನು ಮಗಳ ಕೈಗಿತ್ತ.

ದೀಕ್ಷಾ ಸರಸರನೆ ಗುಂಡಿ ಒತ್ತಿ ಉಳಿಸಿಟ್ಟ ಜಾಗಗಳ ಪಟ್ಟಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಪಪ್ಪಾ, ಏನ್ ಒತ್ತಿದ್ರಿ?"

"ರೀಸೆಟ್... ಯಾಕ?"

"ಎಲ್ಲಾ ಅಳಸಲೇನು ಅಂತ ಕೇಳಿರತೈತಿ ಅದು. ಓದಲಿಲ್ಲೇನು?" ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. "ಖಾಲಿ ಐತಿ. ಮಮ್ಮಿದು ಇಲ್ಲ."

ರವಿಕಿರಣ ಯಂತ್ರ ಕಸಿದುಕೊಂಡು ಎಲ್ಲ ಗುಂಡಿಗಳನ್ನೂ ಒತ್ತಿದ. ಬ್ಯಾಕಪ್ ಇಲ್ಲದೆ ರೀಸೆಟ್ ಮುಟ್ಟಬೇಡಿ ಎಂದು ದಿನ ಬೆಳಗಾದರೆ ಗ್ರಾಹಕರಿಗೆ ಪಾಠ ಹೇಳುವವನು ಅವನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಮಮ್ಮಿ ಏನೂ ಮಾಡತಿರಲಿಲ್ಲ" ಅಂದಳು ದೀಕ್ಷಾ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಭಾಳ ದಿನ ಬಂದ್ ಇಟ್ರ ಇದಕ್ಕ ಆಕಾಶ ಮರತು ಹೋಗತೈತಿ ಅಂತಿದ್ಲು. ಬಯಲಾಗ ಇಟ್ಟು ನಾವು ಚಾ ಕುಡಕೊಂತ ಕುಂಡರತಿದ್ವಿ. ತಾನ ಸರಿ ಆಗತಿತ್ತು."

ಅಷ್ಟೇ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಯಾಕ ಮೊದಲ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದವನಿಗೆ, ಅವಳು ಹೇಳಲು ಬಂದಾಗ ತಡೆದದ್ದು ತಾನೇ ಎಂಬುದು ನೆನಪಾಯಿತು. ಏಪ್ರಿಲ್‌ನಿಂದ ಮಗಳ ಎದುರು ಒಮ್ಮೆಯೂ ಅತ್ತಿರದವನು ಬೆಂಚಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನೀಲಾ ಕೊನೆಯದಾಗಿ ತನ್ನ ಕೈಯಾರೆ ಮಗಳಿಗೆ ಇಟ್ಟು ಹೋದದ್ದನ್ನು ಇವನು ತನ್ನ ಕೈಯಾರೆ ಕಳೆದಿದ್ದ. ತಂದೆ ಮಗಳು ಎಲ್ಲಿದ್ದಾರೆಂದು ಯಂತ್ರಕ್ಕೀಗ ಖಚಿತವಾಗಿ ಗೊತ್ತಿತ್ತು. ಎಲ್ಲಿಗೆ ಹೋಗಬೇಕೆಂದು ಮಾತ್ರ ಗೊತ್ತಿರಲಿಲ್ಲ.

ತಲೆ ಎತ್ತಿದಾಗ ದೀಕ್ಷಾ ಪಕ್ಕದಲ್ಲಿರಲಿಲ್ಲ. ತೋಪಿನ ಅಂಚಿನಲ್ಲಿ ನಿಂತು ಮರಗಳನ್ನು ನೋಡುತ್ತಿದ್ದಳು. ಸಮುದ್ರ ಬತ್ತಿಸಿ ಮಾಡಿದ ನೆಲದಲ್ಲಿ ಸಾಲು ಹಿಡಿದು ನೆಟ್ಟ ಮರಗಳು. ಒಂದರಂತೆ ಇನ್ನೊಂದು, ಕಣ್ಣು ಹರಿಯುವಷ್ಟು ದೂರ.

ರವಿಕಿರಣ ಅವಳ ಹಿಂದೆ ಹೋಗಿ ನಿಂತ. "ತಪ್ಪಾತು ಪುಟ್ಟಾ" ಅಂದ.

ಅವಳು ಮೊದಲ ಮರದ ಟೊಂಗೆಗಳತ್ತ ಕತ್ತೆತ್ತಿದಳು. "ಮಮ್ಮಿ ಎಂದೂ ನೆಲದ ಮ್ಯಾಲ ಇಡತಿರಲಿಲ್ಲ" ಅಂದಳು. "ಇಲ್ಲೆ ನೀರು ನಿಲ್ಲತೈತಿ ಅಂತ. ಮರದ ಪೊಟರಿ ಇದ್ರ ಅದರಾಗ, ಇಲ್ಲಾಂದ್ರ ಟೊಂಗಿ ಸಂದ್ಯಾಗ. ಯಾವಾಗಲೂ ತನ್ನ ತಲಿ ಮಟ್ಟಕ್ಕ. ಪಪ್ಪಾ, ಮಮ್ಮಿ ಎಷ್ಟ ಎತ್ತರ ಇದ್ಲು?"

"ನಿನಗ ಗೊತ್ತಿಲ್ಲೇನು?"

"ಆವಾಗ ನಾ ಆಕಿ ಹೆಗಲ ಮಟ್ಟ ಬರತಿದ್ದೆ. ಈಗ ಬೆಳದೀನಿ ಅಲ್ಲ, ಅಳತಿ ಸಿಗವಲ್ದು."

ರವಿಕಿರಣ ಕಣ್ಣು ಒರೆಸಿಕೊಂಡ. ಬಲಗೈ ಎತ್ತಿ ತನ್ನ ಭುಜದ ಹತ್ತಿರ ತಂದ. ತುಸು ಇಳಿಸಿದ, ಮತ್ತೆ ತುಸು ಏರಿಸಿದ. ಒಂದು ಕಡೆ ಅಂಗೈ ತಾನಾಗಿಯೇ ನಿಂತಿತು.

"ಇಷ್ಟು" ಅಂದ.

ದೀಕ್ಷಾ ಬಂದು ಆ ಅಂಗೈಯ ಕೆಳಗೆ ನೆಟ್ಟಗೆ ನಿಂತಳು. ಅವಳ ನೆತ್ತಿಗೂ ಅದಕ್ಕೂ ನಡುವೆ ಇನ್ನೊಂದು ಗೇಣು ಉಳಿದಿತ್ತು. ಅವಳು ಆ ಗೇಣನ್ನು ಕೈಯಿಂದ ತಡವಿ ನೋಡಿ, ತಲೆಯಾಡಿಸಿ, ಸಾಲಿನ ಮೊದಲ ಮರದತ್ತ ನಡೆದಳು. ರವಿಕಿರಣ ಅವಳ ಹಿಂದೆಯೇ ಹೊರಟ. ಎತ್ತಿದ ಕೈಯನ್ನು ಇಳಿಸದೆ, ಅದೇ ಮಟ್ಟಕ್ಕೆ ಹಿಡಿದುಕೊಂಡು.